ವಿಜಯಪುರದಲ್ಲಿ ಒಂದು ದಿನ: ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ವಿಜಯಪುರಕ್ಕೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಗೋಲಗುಮ್ಮಟವಂತೂ ಸರಿ, ಅದಾದ ಮೇಲೆ ಏನು ನೋಡುವುದು?’ ಕೆಲವರ ಕೈಯಲ್ಲಿ ಇಡೀ ದಿನವಿರುತ್ತದೆ. ಪಂಢರಪುರಕ್ಕೋ ಬಾದಾಮಿಗೋ ಹೋಗುವ ದಾರಿಯಲ್ಲಿ ಇಳಿದವರಿಗೆ ಅರ್ಧ ದಿನವಷ್ಟೇ. ಹದಿನೈದನೇ ಶತಮಾನದ ಕೊನೆಯಿಂದ 1686ರವರೆಗೆ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರು ಇದು. ಗೋರಿ, ಮಸೀದಿ, ಮಹಲು, ಬುರುಜು, ಬಾವಡಿ ಎಂದು ಪಟ್ಟಿ ಮಾಡಲು ಕುಳಿತರೆ ಹಾಳೆ ಸಾಲದು. ರೈಲು ನಿಲ್ದಾಣದ ಹೊರಗೆ ನಿಂತ ಆಟೊದವರು ಹತ್ತು ಪಾಯಿಂಟ್ ತೋರಿಸುವುದಾಗಿ ಹೇಳುತ್ತಾರೆ, ಹೇಳಿದಂತೆ ತೋರಿಸುತ್ತಾರೆ ಕೂಡ. ಹತ್ತು ಕಡೆ ಇಳಿದು, ಹತ್ತು ಫೋಟೊ ತೆಗೆದು, ಮತ್ತೆ ಆಟೊ ಹತ್ತುವುದರಲ್ಲಿ ಸಂಜೆಯಾಗಿರುತ್ತದೆ. ರಾತ್ರಿ ಮೊಬೈಲ್ ತೆರೆದು ನೋಡಿದರೆ ಯಾವ ಕಮಾನು ಯಾವ ಕಟ್ಟಡದ್ದೆಂದು ಹೇಳಲು ಮನೆಯವರಲ್ಲಿ ಯಾರಿಗೂ ಆಗುವುದಿಲ್ಲ.

ಒಂದು ದಿನಕ್ಕೆ ನಾಲ್ಕು ಜಾಗ ಸಾಕು ಎನ್ನುವುದು ನನ್ನ ಅಭಿಪ್ರಾಯ. ಆ ನಾಲ್ಕನ್ನು ಯಾವ ಹೊತ್ತಿಗೆ ನೋಡುತ್ತೀರಿ ಎನ್ನುವುದರ ಮೇಲೆ ದಿನದ ಸೊಗಸು ನಿಂತಿದೆ. ಯಾವ ನಾಲ್ಕು ಎಂಬುದು ನಿಮ್ಮ ಜೊತೆ ಯಾರು ಬಂದಿದ್ದಾರೆ ಎಂಬುದನ್ನು ಅವಲಂಬಿಸಿರುತ್ತದೆ.

ಮೊದಲು ಅಳತೆಗೋಲು

ಆಯ್ಕೆಗೆ ಇಳಿಯುವ ಮುಂಚೆ ನಾಲ್ಕು ಸಂಗತಿಗಳನ್ನು ತೂಗಿ ನೋಡಿಕೊಳ್ಳಿ. ಮೊದಲನೆಯದು ಹೊತ್ತು. ಇದು ಬಯಲುಸೀಮೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹಿತವಾಗಿರುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ನೋಡಬೇಕಾದ ಜಾಗಗಳಲ್ಲಿ ಹಲವು ತೆರೆದ ಬಯಲಿನಲ್ಲಿವೆ. ಎರಡು ದೊಡ್ಡ ಸ್ಮಾರಕಗಳಲ್ಲೂ ಚಪ್ಪಲಿ ಬಿಟ್ಟು ನಡೆಯಬೇಕು. ಮಧ್ಯಾಹ್ನ ಒಂದು ಗಂಟೆಗೆ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಓಡಿದವರಿಗೆ ನೆನಪಿನಲ್ಲಿ ಉಳಿಯುವುದು ಅಂಗಾಲಿನ ಉರಿ ಮಾತ್ರ. ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಎರಡನೆಯದು ಮೊಣಕಾಲು. ಇಲ್ಲಿನ ಅತಿ ಪ್ರಸಿದ್ಧ ಅನುಭವ ಏಳು ಅಂತಸ್ತಿನ ಮೇಲಿದೆ, ಅಲ್ಲಿಗೆ ಲಿಫ್ಟ್ ಇಲ್ಲ. ಮನೆಯ ಹಿರಿಯರು ಜೊತೆಗಿದ್ದರೆ ಇಡೀ ದಿನದ ಲೆಕ್ಕಾಚಾರ ಇದೊಂದರಿಂದಲೇ ಬದಲಾಗುತ್ತದೆ.

ಮೂರನೆಯದು ಖರ್ಚು. ಸ್ಮಾರಕ ನೋಡುವುದಕ್ಕೆ ಈ ಊರಿನಲ್ಲಿ ಹೆಚ್ಚು ಹಣ ಬೇಕಿಲ್ಲ. ಟಿಕೆಟ್ ಇರುವುದು ಮುಖ್ಯವಾಗಿ ಗೋಲಗುಮ್ಮಟಕ್ಕೆ ಮತ್ತು ಇಬ್ರಾಹಿಂ ರೋಜಾಕ್ಕೆ. ಇಬ್ಬರು ದೊಡ್ಡವರು ಎರಡೂ ಕಡೆ ಹೋದರೂ ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ನಿಜವಾದ ಖರ್ಚು ಓಡಾಟದ್ದು, ಏಕೆಂದರೆ ಒಂದು ಸ್ಮಾರಕ ಊರಿನ ಪೂರ್ವದ ತುದಿಯಲ್ಲಿದ್ದರೆ ಇನ್ನೊಂದು ಪಶ್ಚಿಮದ ತುದಿಯಲ್ಲಿದೆ.

ನಾಲ್ಕನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ನಿಮಗೆ ಯಾವುದು ಇಷ್ಟ? ಭಾರಿಯಾದದ್ದನ್ನು ಕಂಡು ಬೆರಗಾಗುವುದೋ, ಕುಸುರಿ ಕೆಲಸದ ಮುಂದೆ ನಿಂತು ದಿಟ್ಟಿಸುವುದೋ, ಮಕ್ಕಳಿಗೆ ಕಥೆ ಹೇಳುವುದೋ, ಎತ್ತರದಲ್ಲಿ ಕುಳಿತು ಗಾಳಿ ಕುಡಿಯುವುದೋ? ಒಂದೇ ಕುಟುಂಬದಲ್ಲಿ ನಾಲ್ಕೂ ಬಗೆಯವರು ಇರುತ್ತಾರೆ. ಜಗಳ ಶುರುವಾಗುವುದೂ ಅಲ್ಲಿಂದಲೇ.

ಗೋಲಗುಮ್ಮಟ: ಬೆಳಿಗ್ಗೆ ಆರಕ್ಕೆ, ಇಲ್ಲವೇ ಅರ್ಧ ಮಾತ್ರ

ಮುಹಮ್ಮದ್ ಆದಿಲ್‌ಶಾಹ 1627ರಿಂದ 1656ರವರೆಗೆ ಆಳಿದವನು. ತನ್ನ ಗೋರಿಯನ್ನು ತಾನೇ ಕಟ್ಟಿಸಲು ತೊಡಗಿದ. ಹೊರಗಿನಿಂದ ನೋಡಿದರೆ ಕಟ್ಟಡ ಸರಳವಾಗಿದೆ: ಒಂದು ಭಾರಿ ಘನ, ಅದರ ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು, ಮೇಲೆ ಒಂದು ಗುಮ್ಮಟ. ಒಳಗೆ ಕಾಲಿಟ್ಟ ಮೇಲೆ ಗಾತ್ರ ತಿಳಿಯುತ್ತದೆ. 18,000 ಚದರ ಅಡಿಗೂ ಮಿಕ್ಕಿದ ನೆಲ, ನಡುವೆ ಒಂದೇ ಒಂದು ಕಂಬವಿಲ್ಲ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್.

ಹೆಚ್ಚಿನವರು ಇಲ್ಲಿ ನಿಲ್ಲುವುದಿಲ್ಲ, ಸೀದಾ ಮೆಟ್ಟಿಲಿನ ಕಡೆ ಓಡುತ್ತಾರೆ. ದಯವಿಟ್ಟು ಐದು ನಿಮಿಷ ನಿಂತು ತಲೆಯೆತ್ತಿ ನೋಡಿ. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಿದ್ದು ಹೇಗೆ ಎಂಬುದು ಅಲ್ಲಿಂದಲೇ ಕಾಣುತ್ತದೆ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೋಗುತ್ತವೆ. ಎರಡು ಚೌಕಗಳನ್ನು ಓರೆಯಾಗಿ ಒಂದರೊಳಗೊಂದು ಇಟ್ಟಂತೆ ನಕ್ಷತ್ರದ ಆಕಾರ ಮೂಡುತ್ತದೆ. ಆ ಕಮಾನುಗಳು ಒಳಮುಖವಾಗಿ ಬಾಗಿ, ಹೊರಕ್ಕೆ ತಳ್ಳುವ ಗುಮ್ಮಟದ ಒತ್ತಡಕ್ಕೆ ಎದುರು ಭಾರವಾಗಿ ನಿಲ್ಲುತ್ತವೆ. ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಇಟ್ಟವು, ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಮೊಣಕಾಲು ನೋವಿನವರಿಗೆ ಮೇಲೆ ಹೋಗಲು ಆಗದಿದ್ದರೂ ಈ ನೆಲಮಟ್ಟದ ನೋಟವೊಂದಕ್ಕೇ ಟಿಕೆಟ್ಟಿನ ಹಣ ಸಂದಾಯವಾಗುತ್ತದೆ.

ಮೇಲಿನದು ಪಿಸುಗುಟ್ಟುವ ಗ್ಯಾಲರಿ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಕಡಿದು. ಹಿಡಿಯಲು ಗೋಡೆಯೇ ಆಸರೆ. ಏದುಸಿರು ಬಿಡುತ್ತ ಮೇಲೆ ತಲುಪಿದರೆ ಗುಮ್ಮಟದ ಒಳಸುತ್ತಿನಲ್ಲಿ ಒಂದು ಮೊಗಸಾಲೆ ಸಿಗುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಜೊತೆಯವರು ನಿಮಗೆ ಸರಿಯಾಗಿ ಎದುರುಬದಿಗೆ ಹೋಗಿ, ಗೋಡೆಯತ್ತ ಮುಖ ಮಾಡಿ ಪಿಸುಗುಟ್ಟಲಿ. ಮೂವತ್ತೇಳು ಮೀಟರ್‌ಗೂ ಹೆಚ್ಚಿನ ಆ ಖಾಲಿಯನ್ನು ದಾಟಿ ಮಾತು ನಿಮ್ಮ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಕಾಗದ ಹರಿದರೆ ಆ ಸದ್ದೂ ಬರುತ್ತದೆ. ಚಪ್ಪಾಳೆ ತಟ್ಟಿದರೆ ಅದು ಏಳೆಂಟು ಸಲ ಮರುಕಳಿಸುತ್ತದೆ. ಎಷ್ಟು ಸಲ ಎಂಬ ಲೆಕ್ಕದಲ್ಲಿ ಒಬ್ಬ ಗೈಡ್ ಹೇಳಿದ್ದನ್ನು ಇನ್ನೊಬ್ಬ ಒಪ್ಪುವುದಿಲ್ಲ.

ಆದರೆ ಇದೆಲ್ಲ ನಿಶ್ಶಬ್ದವಿದ್ದಾಗ ಮಾತ್ರ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ. ಹತ್ತು ಗಂಟೆಯ ಹೊತ್ತಿಗೆ ಮೇಲೆ ಇನ್ನೂರು ಮಕ್ಕಳಿದ್ದರೆ, ಒಬ್ಬೊಬ್ಬರ ಕೂಗೂ ಏಳೆಂಟಾಗಿ ಬೆಳೆದು ಗುಮ್ಮಟ ಸಂತೆಯಾಗುತ್ತದೆ. ಮಕ್ಕಳನ್ನು ಬೈದು ಫಲವಿಲ್ಲ. ಆ ಗುಮ್ಮಟದ ಕೆಳಗೆ ಕೂಗದೆ ಇರುವ ಮಗು ಎಲ್ಲಿದೆ? ಆದರೆ ಮೀಸೆ ಬಂದ ಮೇಲೂ ಕೂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ. ಆರೂವರೆಗೆ ಮೇಲಿದ್ದರೆ ಪಿಸುಮಾತು ನಿಮ್ಮದು. ಒಂಬತ್ತರ ನಂತರ ಹೋದರೆ ಕಟ್ಟಡ ನೋಡಿದಂತಾಯಿತು, ಕೇಳಿದಂತಾಗಲಿಲ್ಲ.

ಎತ್ತರಕ್ಕೆ ಅಂಜುವವರಿಗೆ ಒಂದು ಮಾತು: ಗ್ಯಾಲರಿಗೆ ತಡೆಗೋಡೆಯಿದೆ, ಅಗಲವೂ ಇದೆ. ಆದರೂ ಕೆಳಗಿನ ನೆಲ ತೀರಾ ದೂರದಲ್ಲಿ ಕಾಣುತ್ತದೆ. ಗೋಡೆಗೆ ಒತ್ತಿಕೊಂಡು ಕುಳಿತರೆ ತೊಂದರೆಯಿಲ್ಲ. ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುವುದು, ಅದಕ್ಕಿಂತ ಹೆಚ್ಚಾಗಿ ಇಳಿಯುವುದು, ನನಗೆ ಸರಿ ಕಾಣುವುದಿಲ್ಲ. ಗಂಡ ಹೆಂಡತಿ ಸರದಿಯಲ್ಲಿ ಹೋಗಿ ಬನ್ನಿ.

ಎದುರಿಗಿರುವ ನಗಾರಿಖಾನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನ, ಶಿಲ್ಪ, ಹಳೆಯ ಆಯುಧ, ಹಸ್ತಪ್ರತಿಗಳಲ್ಲಿ ಆಸಕ್ತಿಯಿದ್ದರೆ ಮುಕ್ಕಾಲು ಗಂಟೆ ಕೊಡಬಹುದು. ಶುಕ್ರವಾರ ಅದು ಮುಚ್ಚಿರುತ್ತದೆ. ಬೆಳಿಗ್ಗೆ ಬೇಗ ಬಂದವರಿಗೆ ಅದು ತೆರೆಯುವವರೆಗೆ ಕಾಯಬೇಕಾಗುತ್ತದೆ. ನಾನಾದರೆ ಕಾಯುವುದಿಲ್ಲ, ಹೋಗಿ ತಿಂಡಿ ತಿನ್ನುತ್ತೇನೆ.

ಇಬ್ರಾಹಿಂ ರೋಜಾ: ಕಣ್ಣಿಗೆ ಕೆಲಸ

ಪಶ್ಚಿಮದ ತುದಿಯಲ್ಲಿ, ಹಳೆಯ ಕೋಟೆಯ ಗೋಡೆಯ ಹೊರಗೆ ಇರುವುದು ಮುಹಮ್ಮದನ ತಂದೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ. 1580ರಿಂದ 1627ರವರೆಗೆ ಆಳಿದ ಈತ ಸಂಗೀತದ ಹುಚ್ಚಿನವನು, ಜಗದ್ಗುರು ಬಾದಶಹ ಎಂದು ಹೆಸರಾದವನು. ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದ ಕಟ್ಟಡದಲ್ಲಿ ಅವನೂ ಮಲಗಿದ್ದಾನೆ. ಕಟ್ಟಿದವನ ಹೆಸರು ಮಲಿಕ್ ಸಂದಲ್ ಎಂದು ಅಲ್ಲಿನ ಬರಹವೇ ಹೇಳುತ್ತದೆ.

ಒಂದೇ ಎತ್ತರದ ಜಗಲಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ತೊಟ್ಟಿ. ಮಗ ಕಟ್ಟಿಸಿದ ಗುಮ್ಮಟದ ಪಕ್ಕದಲ್ಲಿಟ್ಟರೆ ಇದು ಆಟಿಕೆಯಷ್ಟು ಚಿಕ್ಕದು. ಹತ್ತಿರ ಹೋಗಿ ಗೋಡೆಯ ಮುಂದೆ ನಿಂತಾಗ ಚಿಕ್ಕದೆಂಬ ಮಾತು ಮರೆತುಹೋಗುತ್ತದೆ. ಗೋರಿಯ ಸುತ್ತಲಿನ ಮೊಗಸಾಲೆಯ ಒಳಗೋಡೆಗಳ ತುಂಬ ಅರಬ್ಬಿ ಅಕ್ಷರಗಳು, ಬಳ್ಳಿ, ಜ್ಯಾಮಿತಿಯ ಚಿತ್ತಾರ. ಕಿಟಕಿಗಳನ್ನು ಗಮನವಿಟ್ಟು ನೋಡಿ. ಜಾಲರಿಯೆಂದು ಕಾಣುವುದು ನಿಜದಲ್ಲಿ ಬರಹ. ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲರಿಯಾಗಿಸಿದ್ದಾರೆ, ಒಳಗಿನ ಕತ್ತಲೆಗೆ ಬೆಳಕು ಆ ಅಕ್ಷರಗಳ ಸಂದಿನಿಂದ ಸೋಸಿ ಬರುತ್ತದೆ. ಒಳಕೋಣೆಯ ಮಾಳಿಗೆ ಇನ್ನೊಂದು ಬೆರಗು. ಕಲ್ಲಿನ ಚಪ್ಪಡಿಗಳನ್ನು ಅಂಚಿಗೆ ಅಂಚು ಜೋಡಿಸಿದ ಚಪ್ಪಟೆ ಚಾವಣಿ, ಕೆಳಗಿನಿಂದ ನೋಡಿದರೆ ಯಾವ ತೊಲೆಯ ಆಧಾರವೂ ಕಾಣದು.

ತಾಜ್ ಮಹಲಿಗೆ ಇದೇ ಸ್ಫೂರ್ತಿ ಎಂಬ ಮಾತನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಅದನ್ನು ತಲೆಯಲ್ಲಿಟ್ಟುಕೊಂಡು ಹೋದವರು ಎರಡಕ್ಕೂ ಸಾಮ್ಯ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆದುಬಿಡುತ್ತಾರೆ. ಬಿಟ್ಟುಬಿಡಿ. ಇದನ್ನು ಇದಾಗಿಯೇ ನೋಡಲು ಒಂದು ಗಂಟೆ ಸಾಲುವುದಿಲ್ಲ.

ಹೊತ್ತು ಯಾವುದು? ಮಧ್ಯಾಹ್ನ ಮೂರೂವರೆಯ ಮೇಲೆ. ಬಿಸಿಲು ಇಳಿದು ಗೋರಿಯ ಪಶ್ಚಿಮದ ಮೊಗಸಾಲೆಗೆ ಓರೆಯಾಗಿ ಬೀಳುತ್ತದೆ, ಮೆಲುಕೆತ್ತನೆಯ ಅಂಚುಗಳಿಗೆ ನೆರಳು ಮೂಡಿ ಅಕ್ಷರಗಳು ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಇದೇ ಗೋಡೆ ಮಸುಕಾಗಿ ತೋರುತ್ತದೆ. ಜನಸಂದಣಿ ಗೋಲಗುಮ್ಮಟದ ಕಾಲುಭಾಗವೂ ಇರುವುದಿಲ್ಲ. ಮೆಟ್ಟಿಲು ಜಗಲಿ ಹತ್ತುವಷ್ಟೇ, ಹಿರಿಯರಿಗೂ ಸಾಧ್ಯ. ಸುತ್ತಲಿನ ಹುಲ್ಲುಹಾಸಿನಲ್ಲಿ ಕುಳಿತು ಉಳಿದವರಿಗಾಗಿ ಕಾಯಲೂ ಬಹುದು.

ಇದರ ಕೊರತೆಯೂ ಹೇಳಬೇಕಲ್ಲ. ಎಂಟು ವರ್ಷದ ಹುಡುಗನಿಗೆ ಇಲ್ಲಿ ಮಾಡಲು ಏನೂ ಇಲ್ಲ. ಹತ್ತು ನಿಮಿಷದಲ್ಲಿ ‘ಹೋಗೋಣವೇ?’ ಎಂದು ಸೆರಗು ಜಗ್ಗುತ್ತಾನೆ. ಕೆತ್ತನೆ ನೋಡುವ ತಾಳ್ಮೆ ಇಲ್ಲದ ದೊಡ್ಡವರೂ ಅಷ್ಟೇ, ಅವರು ಸೆರಗು ಜಗ್ಗುವುದಿಲ್ಲ, ಮೊಬೈಲ್ ತೆಗೆಯುತ್ತಾರೆ.

ಎರಡರಲ್ಲಿ ಒಂದೇ ಎಂದಾದರೆ

ಇದು ನಿಜವಾದ ಸಂದಿಗ್ಧ. ಎರಡರ ನಡುವೆ ಊರನ್ನು ಅಡ್ಡಹಾಯುವ ನಾಲ್ಕೈದು ಕಿಲೋಮೀಟರ್ ದಾರಿಯಿದೆ. ಅರ್ಧ ದಿನದವರು ಎರಡಕ್ಕೂ ಓಡಿದರೆ ಎರಡೂ ಅರೆಬರೆಯಾಗುತ್ತವೆ.

ಬೆಳಗಿನ ಅರ್ಧ ದಿನ ಸಿಕ್ಕಿದ್ದರೆ, ಮಕ್ಕಳಿದ್ದರೆ, ಮೊಣಕಾಲು ಗಟ್ಟಿಯಿದ್ದರೆ ಗೋಲಗುಮ್ಮಟ. ಮಧ್ಯಾಹ್ನದ ಅರ್ಧ ದಿನ ಸಿಕ್ಕಿದ್ದರೆ, ಹಿರಿಯರು ಜೊತೆಗಿದ್ದರೆ, ಕ್ಯಾಮೆರಾ ಹಿಡಿಯುವವರಾದರೆ ಅಥವಾ ಸದ್ದುಗದ್ದಲ ಆಗದವರಾದರೆ ಇಬ್ರಾಹಿಂ ರೋಜಾ. ‘ಬಿಜಾಪುರಕ್ಕೆ ಹೋಗಿ ಗೋಲಗುಮ್ಮಟ ನೋಡಲಿಲ್ಲವೇ?’ ಎಂದು ಊರಿನಲ್ಲಿ ಕೇಳುತ್ತಾರೆಂಬ ಅಂಜಿಕೆ ಇದ್ದರೆ ಚಿಂತೆ ಬೇಡ, ಆ ಗುಮ್ಮಟ ರಸ್ತೆಯಿಂದಲೇ ಕಾಣುತ್ತದೆ. ರೋಜಾ ಹಾಗಲ್ಲ, ಹುಡುಕಿಕೊಂಡು ಹೋಗದಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ನನ್ನ ಒಲವು ಎತ್ತ ಎಂದು ಕೇಳಿದರೆ ರೋಜಾದತ್ತ. ಆದರೆ ಮೊದಲ ಸಲ ಬರುವ ಮಕ್ಕಳಿಂದ ಪಿಸುಗುಟ್ಟುವ ಗ್ಯಾಲರಿಯನ್ನು ತಪ್ಪಿಸುವಷ್ಟು ಕಲ್ಲೆದೆ ನನಗಿಲ್ಲ.

ಟಿಕೆಟ್ ಇಲ್ಲದ ಜಾಗಗಳಲ್ಲಿ ಯಾವುದು?

ಇಡೀ ದಿನವಿದ್ದರೆ ಬೆಳಿಗ್ಗೆ ಗುಮ್ಮಟ, ಸಂಜೆಯ ಮುಂಚೆ ರೋಜಾ ಎಂದಾಯಿತು. ನಡುವಿನ ಹೊತ್ತಿಗೆ ಎರಡು ಜಾಗ ಬೇಕು. ಇಲ್ಲಿ ಆಯ್ಕೆ ಹೆಚ್ಚು, ಎಲ್ಲವೂ ಒಂದೇ ತೂಕದವಲ್ಲ.

ಜುಮ್ಮಾ ಮಸೀದಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಒಂದನೇ ಅಲಿ ಆದಿಲ್‌ಶಾಹನ ಕಾಲದ್ದು, 1565ರ ತಾಳಿಕೋಟೆಯ ಯುದ್ಧದ ನಂತರ ಕಟ್ಟಲು ತೊಡಗಿದ್ದು. ಗೋಲಗುಮ್ಮಟದಿಂದ ದೂರವಿಲ್ಲ. ಬಿಳಿ ಸುಣ್ಣದ ಕಮಾನುಗಳ ಸಾಲು ಒಳಗೆ ನಿಂತವರನ್ನು ತನ್ನಷ್ಟಕ್ಕೆ ಮೌನಗೊಳಿಸುತ್ತದೆ. ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೆಂದು ಗೆರೆ ಎಳೆದು ಮಾಡಿದ 2,250 ಚೌಕಗಳಿವೆ. ಅವು ಔರಂಗಜೇಬನ ಕಾಲದವು. ಪಶ್ಚಿಮದ ಗೋಡೆಯ ಮಿಹ್ರಾಬಿನಲ್ಲಿ, ಅಂದರೆ ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡಿನಲ್ಲಿ, ಚಿನ್ನದ ಬಣ್ಣದ ಬರಹ, ಚಿತ್ರಗಳಿವೆ. ಪರದೆ ಇಳಿಬಿಟ್ಟಿದ್ದರೆ ಅಲ್ಲಿನವರನ್ನು ವಿನಯದಿಂದ ಕೇಳಿ. ಇದು ನಿತ್ಯ ಪ್ರಾರ್ಥನೆ ನಡೆಯುವ ಮಸೀದಿ, ಮೈ ಮುಚ್ಚುವ ಉಡುಪಿರಲಿ. ಶುಕ್ರವಾರ ಮಧ್ಯಾಹ್ನ ಬೇಡ. ಉಳಿದ ದಿನಗಳಲ್ಲಿ ಬಿಸಿಲೇರುವ ಹೊತ್ತಿಗೆ ಇದಕ್ಕಿಂತ ತಂಪಾದ ಜಾಗ ಊರಿನಲ್ಲಿ ಸಿಗುವುದು ಕಷ್ಟ, ಅದಕ್ಕೇ ಹನ್ನೊಂದರ ಸುಮಾರಿಗೆ ಇಟ್ಟುಕೊಳ್ಳಿ.

ಬಾರಾ ಕಮಾನ್ ಊರ ನಡುವೆಯೇ ಇದೆ. ಎರಡನೇ ಅಲಿ ಆದಿಲ್‌ಶಾಹ ತನ್ನ ಗೋರಿಗೆಂದು ಶುರುಮಾಡಿ, ಅವನು 1672ರಲ್ಲಿ ತೀರಿಕೊಂಡ ಮೇಲೆ ಅರ್ಧಕ್ಕೇ ನಿಂತದ್ದು. ಚಾವಣಿಯಿಲ್ಲ, ಗುಮ್ಮಟವಿಲ್ಲ, ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳಬಾರದೆಂದು ಕೆಲಸ ನಿಲ್ಲಿಸಿದರಂತೆ ಎಂಬ ಕಥೆಯನ್ನು ಆಟೊದವರು ಹೇಳಿಯೇ ಹೇಳುತ್ತಾರೆ. ನಡುವಿನ ದೂರ ನೋಡಿದ ಯಾರಿಗೂ ಆ ಕಥೆ ನಂಬುವುದು ಕಷ್ಟ. ಫೋಟೊಗೆ ಇದಕ್ಕಿಂತ ಚೆಂದದ ಜಾಗವಿಲ್ಲ, ಆದರೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡುವುದಿಲ್ಲ. ಪಕ್ಕದ ಅರಕಿಲ್ಲಾ, ಅಂದರೆ ಒಳಕೋಟೆಯ ಭಾಗದಲ್ಲಿ ಗಗನ್ ಮಹಲಿನ ದೊಡ್ಡ ಕಮಾನು ಇದೆ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಔರಂಗಜೇಬನ ಮುಂದೆ ಬೆಳ್ಳಿಯ ಸರಪಳಿಯಲ್ಲಿ ತಂದು ನಿಲ್ಲಿಸಿದ್ದು ಇಲ್ಲೇ ಎನ್ನುತ್ತಾರೆ. ಚರಿತ್ರೆಯ ಓದು ಇದ್ದವರಿಗೆ ಆ ಕಮಾನಿನ ಕೆಳಗೆ ನಿಲ್ಲುವುದು ಸಾಕು, ಇಲ್ಲದವರಿಗೆ ಅದು ಉದ್ಯಾನದೊಳಗಿನ ಒಂದು ಪಾಳುಗೋಡೆ.

ಮಲಿಕ್-ಎ-ಮೈದಾನ್ ತೋಪು ಮತ್ತು ಉಪ್ಪಲಿ ಬುರುಜು ಪಶ್ಚಿಮದ ಕಡೆ, ಒಂದಕ್ಕೊಂದು ನಡಿಗೆಯ ದೂರದಲ್ಲಿವೆ. ಮಕ್ಕಳಿದ್ದರೆ ಬೇರೆ ಯಾವುದನ್ನು ಬಿಟ್ಟರೂ ಇವನ್ನು ಬಿಡಬೇಡಿ. ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕ, ನಾಲ್ಕು ಮೀಟರ್‌ಗೂ ಹೆಚ್ಚು ಉದ್ದ. ಅದರ ಬಾಯಿ ಸಿಂಹದ ಮುಖ, ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿಕೊಂಡಿದೆ. ಮಕ್ಕಳು ಆ ಆನೆಯನ್ನು ತಾವೇ ಪತ್ತೆಹಚ್ಚಲಿ, ಮೊದಲೇ ಹೇಳಬೇಡಿ. ಇದನ್ನು ಬಿಜಾಪುರಕ್ಕೆ ಎಳೆದು ತರಲು ನಾನೂರು ಎತ್ತು, ಹತ್ತು ಆನೆ ಬೇಕಾದವಂತೆ. ಬ್ರಿಟಿಷರ ಕಾಲದಲ್ಲಿ ಹರಾಜಿಗಿಟ್ಟಾಗ 150 ರೂಪಾಯಿಗೆ ಹೋಗಿ, ಆಮೇಲೆ ಆ ಮಾರಾಟ ರದ್ದಾಯಿತಂತೆ. ಹಾಗಾಗಿ ಅದು ಇನ್ನೂ ಇಲ್ಲಿದೆ.

ಉಪ್ಪಲಿ ಬುರುಜು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಕಾವಲುಗೋಪುರ, ಎತ್ತರ 80 ಅಡಿಯಷ್ಟು. ಮೆಟ್ಟಿಲು ಹೊರಮೈಯನ್ನು ಬಳಸಿಕೊಂಡು ಹೋಗುತ್ತದೆ. ಗೋಲಗುಮ್ಮಟದ ಮೆಟ್ಟಿಲಿನಷ್ಟು ಕಷ್ಟವಿಲ್ಲ, ಉಸಿರುಗಟ್ಟುವುದೂ ಇಲ್ಲ. ಆದರೆ ಅಂಚಿನ ಕಡೆ ಮಕ್ಕಳ ಕೈ ಬಿಡಬೇಡಿ. ಮೇಲೆ ಉದ್ದನೆಯ ತೋಪುಗಳಿವೆ, ಗಾಳಿಯಿದೆ, ಸುತ್ತಲೂ ಊರಿದೆ. ರೋಜಾ ಮುಗಿಸಿ ಸೂರ್ಯ ಮುಳುಗುವ ಮುಂಚೆ ಇಲ್ಲಿಗೆ ಬಂದರೆ, ಬೆನ್ನ ಹಿಂದಿನ ಬಿಸಿಲು ಪೂರ್ವದಂಚಿನಲ್ಲಿರುವ ಗೋಲಗುಮ್ಮಟದ ಮೇಲೆ ಪೂರ್ತಿಯಾಗಿ ಬಿದ್ದಿರುತ್ತದೆ. ಬೆಳಿಗ್ಗೆ ಒಳಗಿದ್ದ ಕಟ್ಟಡದ ಗಾತ್ರ ಹೊರಗಿನಿಂದ ಅಂದಾಜಾಗುವುದು ಇಲ್ಲಿ. ಮೊಣಕಾಲು ನೋವಿನವರು ಗೋಲಗುಮ್ಮಟ ಹತ್ತದಿದ್ದರೆ, ನಿಧಾನಕ್ಕೆ ಕುಳಿತೆದ್ದು ಇದನ್ನಾದರೂ ಹತ್ತಬಹುದು.

ತಾಜ್ ಬಾವಡಿಯ ವಿಷಯದಲ್ಲಿ ನನಗೆ ಎರಡು ಮನಸ್ಸು. ತಾಜ್ ಸುಲ್ತಾನಾಳ ಹೆಸರಿನ ಈ ಭಾರಿ ಕೊಳದ ಬಾಗಿಲಿನ ಕಮಾನು, ಅದರ ಎರಡೂ ಬದಿಯ ಗೋಪುರಗಳು ಗಂಭೀರವಾಗಿವೆ. ನೀರಿನ ಸ್ಥಿತಿ ಮಾತ್ರ ಋತುವಿನಿಂದ ಋತುವಿಗೆ ಬದಲಾಗುತ್ತದೆ. ರೋಜಾಕ್ಕೆ ಹೋಗುವ ದಾರಿಯಲ್ಲೇ ಇರುವುದರಿಂದ ಆಟೊ ನಿಲ್ಲಿಸಿ ಹತ್ತು ನಿಮಿಷ ಇಣುಕಿ ಬನ್ನಿ, ಇದಕ್ಕೆಂದೇ ಸುತ್ತು ಬಳಸಬೇಡಿ. ಜೋಡ ಗುಮ್ಮಟ, ಮೆಹ್ತರ್ ಮಹಲ್, ಆಸಾರ್ ಮಹಲ್ ಇವು ಎರಡನೇ ಸಲ ಬರುವವರಿಗೆ. ಊರ ಹೊರಗಿನ ಶಿವಗಿರಿಯಲ್ಲಿ 85 ಅಡಿಯ ಶಿವನ ಮೂರ್ತಿಯಿದೆ. ಭಕ್ತಿಗೆ ಹೋಗುವವರನ್ನು ಬೇಡವೆನ್ನಲು ನಾನು ಯಾರು? ಹಳೆಯ ಬಿಜಾಪುರವನ್ನು ನೋಡಲು ಬಂದವರ ಒಂದೇ ದಿನದಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೇ.

ಓಡಾಟ, ಊಟ, ಜೇಬು

ತೀರಾ ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆಂದರೆ ನಗರ ಸಾರಿಗೆ ಬಸ್ಸು ಮತ್ತು ಕಾಲು. ಗೋಲಗುಮ್ಮಟ, ಜುಮ್ಮಾ ಮಸೀದಿ, ಬಾರಾ ಕಮಾನ್ ಇವನ್ನು ಚಳಿಗಾಲದಲ್ಲಿ ನಡೆದೇ ಜೋಡಿಸಬಹುದು. ಪಶ್ಚಿಮದ ಜಾಗಗಳಿಗೆ ಮಾತ್ರ ಆಟೊ ಹಿಡಿಯಿರಿ. ಒಬ್ಬರೋ ಇಬ್ಬರೋ ಆದರೆ ಇದೇ ಸರಿ.

ನಾಲ್ವರ ಕುಟುಂಬಕ್ಕೆ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಆಟೊ ಗೊತ್ತುಮಾಡಿಕೊಳ್ಳುವುದು ವಾಸಿ. ಹತ್ತುವ ಮುಂಚೆ ಜಾಗಗಳ ಹೆಸರು, ಕಾಯುವ ಹೊತ್ತು, ಮೊತ್ತ ಮೂರನ್ನೂ ಬಾಯಿಬಿಟ್ಟು ಹೇಳಿ ಒಪ್ಪಿಸಿಕೊಳ್ಳಿ. ‘ನೋಡಿ ಕೊಡಿ ಸಾಹೇಬ್ರೆ’ ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ. ಹತ್ತು ಪಾಯಿಂಟ್ ಬೇಡ, ನಾಲ್ಕೇ ಸಾಕು, ಆದರೆ ರೋಜಾದಲ್ಲಿ ಒಂದು ಗಂಟೆ ಕಾಯಬೇಕು ಎಂದರೆ ಚಾಲಕರಿಗೂ ಬೇಸರವಿಲ್ಲ, ಇಂಧನ ಉಳಿಯುತ್ತದಲ್ಲ. ಟಾಂಗಾಗಳು ಈಗ ಕಡಿಮೆಯಾಗಿವೆ. ಸಿಕ್ಕರೆ ಮಕ್ಕಳ ಸಂತೋಷಕ್ಕೆ ಒಂದು ಸಣ್ಣ ದೂರ ಹೋಗಬಹುದು, ಇಡೀ ದಿನದ ಸುತ್ತಾಟಕ್ಕೆ ಅದು ಒಗ್ಗುವುದಿಲ್ಲ. ಸ್ವಂತ ಕಾರಿನವರು ಗೋಲಗುಮ್ಮಟಕ್ಕೂ ರೋಜಾಕ್ಕೂ ನಿಶ್ಚಿಂತೆಯಿಂದ ಹೋಗಬಹುದು. ಪೇಟೆಯ ನಡುವಿನ ಜಾಗಗಳಿಗೆ ಕಾರು ತೆಗೆದುಕೊಂಡು ಹೋಗಿ ನಿಲ್ಲಿಸಲು ಪರದಾಡುವುದಕ್ಕಿಂತ ಆಟೊ ಮೇಲು.

ಗೈಡ್ ಬೇಕೇ? ಗೋಲಗುಮ್ಮಟದಲ್ಲಿ ಬೇಡ, ಅಲ್ಲಿ ಕಿವಿಯೇ ಗೈಡ್. ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನು ಓದಿ ಅರ್ಥ ಹೇಳಬಲ್ಲವರು ಸಿಕ್ಕರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಹನ್ನೆರಡೂವರೆಯಿಂದ ಮೂರರವರೆಗೆ ಯಾವ ಸ್ಮಾರಕವನ್ನೂ ನೋಡಬೇಡಿ. ಆ ಹೊತ್ತು ಖಾನಾವಳಿಗೆ ಸಲ್ಲಬೇಕಾದದ್ದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಬಂದ ಮೇಲೆ ಏಳುವ ಅವಸರ ಯಾರಿಗೂ ಇರುವುದಿಲ್ಲ. ದಕ್ಷಿಣದಿಂದ ಬಂದ ಹಿರಿಯರಿಗೆ ಖಾರ ಹೆಚ್ಚಾದೀತು, ಮೊದಲೇ ಹೇಳಿ. ಶೇಂಗಾ ಹೋಳಿಗೆ ಸಿಕ್ಕರೆ ಒಂದೆರಡು ಕಟ್ಟಿಸಿಕೊಳ್ಳಿ, ಸಂಜೆ ಬುರುಜಿನ ಮೇಲೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ದಿನವಿದ್ದರೆ

ರಾತ್ರಿ ಉಳಿದುಕೊಂಡರೆ ಮಾರನೆಯ ದಿನಕ್ಕೆ ಮೂರು ದಾರಿಗಳಿವೆ.

ದೊಡ್ಡ ಕುಟುಂಬಕ್ಕೆ ದಕ್ಷಿಣದ ದಾರಿ: ಬಸವಣ್ಣನವರು ಹುಟ್ಟಿದ ಬಸವನಬಾಗೇವಾಡಿ, ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟು, ಕೃಷ್ಣಾ-ಮಲಪ್ರಭಾ ಸೇರುವ ಕೂಡಲಸಂಗಮ. ಹಿರಿಯರಿಗೆ ಸಂಗಮದ ಐಕ್ಯಮಂಟಪ, ಮಕ್ಕಳಿಗೆ ಆಲಮಟ್ಟಿಯ ಉದ್ಯಾನಗಳು, ಹೀಗೆ ಎಲ್ಲರಿಗೂ ಒಂದೊಂದು ಸಿಗುತ್ತದೆ. ಬಾಡಿಗೆ ಕಾರು ಬೇಕು, ಇಡೀ ದಿನ ಬೇಕು. ಬಸ್ಸಿನಲ್ಲಿ ಮೂರನ್ನೂ ಒಂದೇ ದಿನ ಮುಗಿಸುವ ಸಾಹಸ ಬೇಡ, ಒಂದನ್ನು ಬಿಡಿ. ಬಿಡುವುದಾದರೆ ಆಲಮಟ್ಟಿಯನ್ನು ಬಿಡಿ ಎನ್ನುತ್ತೇನೆ, ಮಕ್ಕಳು ಒಪ್ಪಬೇಕಷ್ಟೇ.

ಕಡಿಮೆ ಖರ್ಚಿನವರಿಗೆ, ಚರಿತ್ರೆಯ ರುಚಿಯವರಿಗೆ ಪಶ್ಚಿಮಕ್ಕೆ ಹತ್ತಿರದಲ್ಲೇ ತೊರವಿ. ನೆಲಮಟ್ಟದ ಕೆಳಗಿರುವ ಲಕ್ಷ್ಮೀನರಸಿಂಹ ದೇವಸ್ಥಾನ ಒಂದು ಕಡೆ. ಇಬ್ರಾಹಿಂ ಸಂಗೀತಗಾರರಿಗೆಂದೇ ಕಟ್ಟಿಸಲು ಹೊರಟ ನವರಸಪುರದ ಅಳಿದುಳಿದ ಸಂಗೀತ ಮಹಲ್ ಇನ್ನೊಂದು ಕಡೆ. ರೋಜಾ ನೋಡಿ ಆ ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿದವರಿಗೆ ಇದು ಮುಂದಿನ ಹೆಜ್ಜೆ. ಅಂಥ ಕುತೂಹಲ ಇಲ್ಲದವರಿಗೆ ಎರಡು ಗಂಟೆಯಲ್ಲಿ ಬೇಸರ ಬರಬಹುದು.

ಮೂರನೆಯದು ಸಿಂದಗಿ ದಾರಿಯಲ್ಲಿರುವ ಕುಮಟಗಿ. ಕೆರೆಯ ಬಳಿ ಆದಿಲ್‌ಶಾಹಿಗಳ ಬೇಸಿಗೆ ಅರಮನೆ, ನೀರು ಚಿಮ್ಮಿಸುವ ಏರ್ಪಾಡು, ಮಾಸಿದ ಗೋಡೆಚಿತ್ರಗಳು. ಮಳೆಗಾಲ ಮುಗಿದ ಮೇಲೆ ಕೆರೆಯಲ್ಲಿ ನೀರಿದ್ದಾಗ ಹೋಗಿ. ಬೇಸಿಗೆಯಲ್ಲಿ ಒಣಗಿದ ತೊಟ್ಟಿಗಳನ್ನು ನೋಡಲು ಅಷ್ಟು ದೂರ ಬೇಕಿಲ್ಲ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಇದೇ ಎರಡನೇ ದಿನಕ್ಕೆ ತುರುಕಬೇಡಿ. ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ, ಅವಕ್ಕೆ ಬೇರೆಯೇ ಎರಡು ದಿನ ಮೀಸಲಿಡಿ.

ಇನ್ನು ಒಂದು ರೈಲಿನಿಂದ ಇಳಿದು ಇನ್ನೊಂದು ಹತ್ತುವ ನಡುವೆ ಎರಡೇ ಗಂಟೆ ಇರುವವರು. ಬೆಳಗಿನ ಹೊತ್ತಾದರೆ ಯೋಚಿಸುವುದೇ ಬೇಡ, ಗೋಲಗುಮ್ಮಟ ನಿಲ್ದಾಣಕ್ಕೆ ಹತ್ತಿರ. ಚೀಲಗಳ ಹತ್ತಿರ ಒಬ್ಬರನ್ನು ಕೂರಿಸಿ ಹೋಗಿ. ಭಾರ ಹೊತ್ತು ಆ ಮೆಟ್ಟಿಲು ಹತ್ತಲಾಗದು. ಮಧ್ಯಾಹ್ನದ ಹೊತ್ತಾದರೆ ಮೇಲೆ ಹತ್ತದೆ ಕೆಳಗಿನಿಂದ ಗುಮ್ಮಟದ ಕಮಾನುಗಳನ್ನು ನೋಡಿ, ಅಲ್ಲಿಂದ ಜುಮ್ಮಾ ಮಸೀದಿಗೆ ಹೋಗಿ ಒಂದಷ್ಟು ಹೊತ್ತು ತಂಪಿನಲ್ಲಿ ಕುಳಿತು, ಅದೇ ಆಟೊದಲ್ಲಿ ಹಿಂದಿರುಗಿ. ರೋಜಾಕ್ಕೆ ಹೋಗಿ ಬರುವ ಆಸೆಯಿದ್ದರೆ ಮುಂದಿನ ರೈಲಿಗೆ ಟಿಕೆಟ್ ಬದಲಿಸಿಕೊಳ್ಳಿ.